ಸೋರುವ ಟಾಕಿಯ ಕಾಕಾ

ಕಾಕಾ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ನನಗೆ ಹೇಳಿದವರು ಅವರ ಹೆಂಡತಿ, ಕಾಕು. ನಾನು ಏನು ಹೇಳಬೇಕೋ ತಿಳಿಯದೆ ಹೂಂ ಹೂಂ ಅನ್ನುತ್ತಿದ್ದಾಗ ಎರಡನೆಯ ಮಾತನ್ನೂ ಅವರೇ ಆಡಿದರು. "ಅವರ ನಕಲು ಮಾಡೂದು ಬಿಡಬ್ಯಾಡಪಾ. ಕೆಮ್ಮು ಮಾತ್ರ ಸರಿ ಮಾಡ್ಕೋ. ನೀ ಮಾಡೂ ಕೆಮ್ಮು ಅವರದಲ್ಲ, ನಮ್ಮ ಮಾವನವರದು."

ಅವರ ಮಾವನವರನ್ನು ನಾನು ಕಂಡವನೇ ಅಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಅವರು ಕೆಮ್ಮುತ್ತಲೂ ಇರಲಿಲ್ಲ. ಆದರೂ ಅವರ ಕೆಮ್ಮು ನನಗೆ ಬಂದುಬಿಟ್ಟಿದೆ ಅಂದಮೇಲೆ ನನ್ನ ಪ್ರತಿಭೆಗೆ ಮೇರೆಯಿಲ್ಲ ಅಂತಾಯಿತು.

ನಕಲು ಮಾಡುವುದು ನನ್ನ ಚಟವೂ ಹೌದು, ಹೊಟ್ಟೆಪಾಡೂ ಹೌದು. ಆಗ ಹೈದರಾಬಾದಿನಲ್ಲಿ ಬಂಡೆಗಳನ್ನು ಸಿಡಿಸಿ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಅಂಥ ಒಂದು ಕಟ್ಟಡದ ಕಾಲ್ ಸೆಂಟರಿನಲ್ಲಿ ನನ್ನದು ರಾತ್ರಿ ಪಾಳಿ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ ಬೆಳೆದ ನಾನು ಅಲ್ಲಿ ಕುರ್ಚಿಗೆ ಕೂತೊಡನೆ ಕೆವಿನ್ ಆಗುತ್ತಿದ್ದೆ. ಅಮೆರಿಕದ ಯಾವುದೋ ಅಜ್ಜಿಯ ವಾಷಿಂಗ್ ಮಷೀನು ಅಲುಗಾಡಿದರೆ ಸಮಾಧಾನ ಹೇಳುವ ಕೆಲಸ. ನನ್ನ ಸ್ವಂತ ದನಿ ಯಾವುದೆಂದು ಮನೆಯಿಂದ ಫೋನು ಮಾಡುವ ಅಮ್ಮನಿಗೇ ಅನುಮಾನ. ನಮ್ಮ ಮನೆಯ ನಾಯಿಯ ಹೆಸರು ಕೇಳಿ ಖಾತರಿ ಮಾಡಿಕೊಂಡ ಮೇಲೇ ಊಟ ಆಯಿತಾ ಅಂತ ವಿಚಾರಿಸುತ್ತಿದ್ದಳು.

ಹಗಲೆಲ್ಲ ನಾನು ಖಾಲಿ. ತಾರ್ನಾಕದ ಒಂದು ಹಳೇ ಕಾಲೊನಿಯಲ್ಲಿ ಕಾಕಾ ಮನೆಯ ತಾರಸಿ ಮೇಲಿನ ಒಂಟಿ ಕೋಣೆ ನನ್ನದು. ಕಾಕಾ ರಾಯಚೂರಿನ ಕಡೆಯವರು. ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಬ್ಬಿಣ ಕೊರೆದು, ನಿವೃತ್ತರಾದ ಮೇಲೆ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅದೇ ಕೆಲಸವನ್ನು ಯಾರೂ ಹೇಳದಿದ್ದರೂ ಮುಂದುವರಿಸಿದ್ದರು. ನನ್ನ ಹೆಸರನ್ನು ಅವರು ಒಂದು ಸಲವೂ ಬಳಸಿದ್ದಿಲ್ಲ. ಸಿಟ್ಟು ಬಂದರೆ "ಲೇ ಮೈಸೂರು", ಕೆಲಸ ಇದ್ದರೆ "ಮೈಸೂರಪ್ಪಾ". ಬೆಳಿಗ್ಗೆ ಮೆಟ್ಟಿಲ ಕೆಳಗಿನಿಂದ ಕೂಗು ಯಾವ ತರಹ ಬರುತ್ತದೆ ಅನ್ನುವುದರ ಮೇಲೆ ನಾನು ನಿದ್ದೆ ನಟಿಸಬೇಕೋ ಬೇಡವೋ ಅಂತ ನಿರ್ಧಾರವಾಗುತ್ತಿತ್ತು.

ಅವರನ್ನು ನಕಲು ಮಾಡುವುದು ಬಹಳ ಸುಲಭ. ದೇವರೇ ಅದಕ್ಕೆಂದು ಅನುಕೂಲ ಮಾಡಿಕೊಟ್ಟಿದ್ದ. ತೆಲುಗು, ಹಿಂದಿ, ಇಂಗ್ಲಿಷು ಯಾವುದನ್ನೇ ಆಡಲಿ, ಕೊನೆಗೊಂದು 'ರಿ' ಅಂಟಿಸಿ ಕಳಿಸುತ್ತಿದ್ದರು. "ಏಮಂಡಿರಿ", "ನಹೀರಿ", "ಥ್ಯಾಂಕ್ಯೂರಿ". ಟ್ರಾಫಿಕ್ ಪೊಲೀಸನೊಬ್ಬ ಒಮ್ಮೆ ತೆಲುಗಿನಲ್ಲಿ, ನೀವು ಬೈಯುತ್ತಿದ್ದೀರೋ ಮರ್ಯಾದೆ ಕೊಡುತ್ತಿದ್ದೀರೋ ಅಂತ ಗೊಂದಲದಿಂದ ಕೇಳಿದ್ದ. ಎರಡೂ, ಅಂದಿದ್ದರು ಕಾಕಾ. ಇನ್ನು ತಪಕೀರು, ಅಂದರೆ ನಮ್ಮ ಕಡೆಯ ನಶ್ಯ. ನಲವತ್ತು ವರ್ಷ ಅದನ್ನು ಏರಿಸಿ ಏರಿಸಿ ಮೂಗು ಪೂರ್ತಿ ಸತ್ತಿತ್ತು. ಅಡಿಗೆಮನೆಯಲ್ಲಿ ಹಾಲು ಹೊತ್ತಿ ಬೀದಿಯವರೆಲ್ಲ ಓಡಿ ಬಂದರೂ ಕಾಕಾ ಅಲ್ಲೇ ಕೂತು ಪೇಪರು ಓದುತ್ತಿರುತ್ತಿದ್ದರು. ಹಾಗಾಗಿ ಶೆಡ್ಡಿನಲ್ಲಿ ಏನಾದರೂ ಸುಟ್ಟಿದೆಯೇ, ಸೋರಿದೆಯೇ, ಕೊಳೆತಿದೆಯೇ ಎಂದು ತಿಳಿಯಲು ನನ್ನನ್ನು ಕರೆಯುತ್ತಿದ್ದರು. "ಮೈಸೂರಪ್ಪಾ, ಮೂಗು ತಗೊಂಡು ಬಾ." ಉಳಿದ ನಾನು ಕೋಣೆಯಲ್ಲೇ ಇದ್ದರೂ ಅವರದೇನೂ ಅಡ್ಡಿ ಇರಲಿಲ್ಲ.

ಈ ಎಲ್ಲವನ್ನೂ ನಾನು ಆಫೀಸಿನ ಕ್ಯಾಂಟೀನಿನಲ್ಲಿ ಮಾಡಿ ತೋರಿಸುತ್ತಿದ್ದೆ. ಮನೆಯಲ್ಲೂ ಮಾಡುತ್ತಿದ್ದೆ, ಕಾಕಾ ಎದುರಿಗೇ. ಯಾಕೆಂದರೆ ಕಾಕುಗೆ ಅದು ಬೇಕಿತ್ತು. ನಾನು ಬಾಡಿಗೆಗೆ ಬರುವ ನಾಲ್ಕು ತಿಂಗಳ ಮೊದಲು ಅವರಿಗೆ ಲಕ್ವಾ ಹೊಡೆದಿತ್ತು. ಮಾತು ಬೇಗ ಮರಳಿತು. ಎಡಗಾಲು ಮರಳುವ ಮನಸ್ಸು ಮಾಡಿರಲಿಲ್ಲ. ದಿನವಿಡೀ ಪಡಸಾಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. "ಎಲ್ಲಿ, ಇವರು ಸಂಬಾರ್ ಬಗ್ಗೆ ಬೈಯೂದು ಮಾಡು" ಅನ್ನುವರು. ನಾನು ಮಾಡುವೆ. ಅವರು ಹೊಟ್ಟೆ ಹಿಡಿದುಕೊಂಡು ನಗುವರು. ಕಾಕಾ ಚಹಾ ಸೊರ್ರೆನಿಸುತ್ತ, ನಾನು ಸಂಬಾರ್ ಬಗ್ಗೆ ಹಾಗೆ ಬೈಯುವುದೇ ಇಲ್ಲ ಅಂತ ಹೇಳಿ, ಆಮೇಲೆ ನಿಜವಾಗಿ ಹೇಗೆ ಬೈಯುತ್ತಾರೆಂದು ತಾವೇ ಬೈದು ತೋರಿಸುವರು. ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ.

ನಡೆಯಬೇಕು, ನಡೆದರೆ ಕಾಲು ಬರುತ್ತದೆ, ಅಂತ ಡಾಕ್ಟರು ಹೇಳಿದ್ದರು. ಆದರೆ ಕಾಕು ಒಮ್ಮೆ ಪಡಸಾಲೆಯ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಅಂದಿನಿಂದ ಗಟ್ಟಿ ನೆಲದ ಮೇಲೆ ನಿಲ್ಲಿಸಿದರೆ ಕಂಬ ಹಿಡಿದವರು ಬಿಡುತ್ತಿರಲಿಲ್ಲ. ಮನೆಯೆದುರಿಗೆ ಕಾಲೊನಿಯ ಪಾರ್ಕಿತ್ತು. ಅಲ್ಲಿನ ಹುಲ್ಲಿನ ಮೇಲೆ ಮಾತ್ರ ಅವರು ಕಾಲೆತ್ತಿ ಇಡುತ್ತಿದ್ದರು. ಅದನ್ನು ನನಗೆ ಅವರೇ ಒಂದು ಸಲ ವಿವರಿಸಿದರು. "ನೆಲಾ ಕಂಡ್ರ ಕಾಲು ಏಳಂಗಿಲ್ಲಪಾ. ಹುಲ್ಲಿನ ಮ್ಯಾಲ ಬಿದ್ರ ನಗು ಬರ್ತೈತಿ, ನೆಲದ ಮ್ಯಾಲ ಬಿದ್ರ ದವಾಖಾನಿ."

ಅಷ್ಟರಲ್ಲಿ ಪಾರ್ಕಿನ ಮಾಲಿ ಕೆಲಸ ಬಿಟ್ಟ. ಗಾಜಿನ ಕಟ್ಟಡದವರು ಅವನಿಗೆ ಟೋಪಿ, ಷೂ ಕೊಟ್ಟು ತಮ್ಮ ಹುಲ್ಲು ಕತ್ತರಿಸಲು ಕರೆದೊಯ್ದರು. ಊರಿನ ಮಾಲಿಗಳೆಲ್ಲ ಹಾಗೇ ಹೋಗಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಾರ್ಕಿನ ಹುಲ್ಲು ಮೊಣಕಾಲು ದಾಟಿತು. ಕಾಕುಗೆ ಅದರೊಳಗೆ ಕಾಲು ಎತ್ತಿಡಲು ಆಗುತ್ತಿರಲಿಲ್ಲ. ಯಾರೋ ಹಾವು ಕಂಡೆ ಅಂದರು. ಕಾಲೊನಿಯ ಸಂಘದ ಸೆಕ್ರೆಟರಿಗಾರು ತಡಮಾಡದೆ ಸಭೆ ಕರೆದರು.

ಸೆಕ್ರೆಟರಿಗಾರು ಬಗ್ಗೆ ಎರಡು ಮಾತು ಹೇಳಲೇಬೇಕು. ಕೆಟ್ಟವರಲ್ಲ. ಮಗ ಸೊಸೆ ಇಬ್ಬರೂ ಸಾಫ್ಟ್‌ವೇರ್, ಇಬ್ಬರಿಗೂ ಒಂದೊಂದು ಕಾರು, ಎರಡೂ ಬೀದಿಯಲ್ಲಿ. ಮಾತಾಡುವ ಮುಂಚೆ ಕನ್ನಡಕ ತೆಗೆದು, ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು, ಯಾರೂ ಕಾಣದ್ದರಿಂದ ಬಂದ ಧೈರ್ಯದಲ್ಲಿ ಮಾತಾಡುವರು. ಇದನ್ನೂ ನಾನು ಚೆನ್ನಾಗಿ ಮಾಡುತ್ತೇನೆ. ಆ ದಿನ ಅವರು ತೆಲುಗಿನಲ್ಲಿ ಹೇಳಿದ್ದರ ಸಾರಾಂಶ: ಕಾರುಗಳು ಬೀದಿಯಲ್ಲಿ ಮಲಗಿವೆ, ಹುಲ್ಲು ಕಾಂಪೌಂಡಿನೊಳಗೆ ಮಲಗಿದೆ, ಇದು ಯಾವ ನ್ಯಾಯ? ಪಾರ್ಕಿಗೆ ಟೈಲ್ಸು ಹಾಕಿಸಿ ಪಾರ್ಕಿಂಗ್ ಮಾಡೋಣ. ಮುಂದಿನ ಭಾನುವಾರ ಹತ್ತು ಗಂಟೆಗೆ ಕೈಯೆತ್ತಿ ತೀರ್ಮಾನಿಸೋಣ.

ಹಿಂದಿನ ಸಾಲಿನಿಂದ ಕಾಕಾ ಎದ್ದರು. ಹುಲ್ಲು ನೋಡಿಕೊಳ್ಳುವವರು ಇಲ್ಲ ಅನ್ನುವುದೇ ತಕರಾರಾದರೆ, "ನೇನು ಚೇಸ್ತಾನ್ರಿ" ಅಂದರು. ನಾನು ಮಾಡ್ತೀನ್ರಿ, ಅಂತ. ಜನ ನಕ್ಕರು. ಸೆಕ್ರೆಟರಿಗಾರು ಕೂಡ ನಕ್ಕು, ಭಾನುವಾರದೊಳಗೆ ಹುಲ್ಲು ಕತ್ತರಿಸಿ ತೋರಿಸಿ, ನೋಡೋಣ ಅಂದರು. ಹೆಂಡತಿಯ ಕಾಲಿನ ಮಾತನ್ನು ಕಾಕಾ ಎತ್ತಲೇ ಇಲ್ಲ. ಹೊರಗೆ ಬಂದ ಮೇಲೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅಕಿ ಕಾಲು ಸಂಘದ ಆಸ್ತಿ ಏನಲೇ, ಸಭಾದಾಗ ಇಡಾಕ?" ಅಂದರು.

ಮೊದಲು ಕುಡುಗೋಲು ಹಿಡಿದೆವು. ಹತ್ತು ನಿಮಿಷಕ್ಕೆ ಅವರ ಟೊಂಕ ಹಿಡಿಯಿತು. ನಾನು ಒಂದು ತಾಸು ಹೋರಾಡಿ ಒಂದು ಚಾಪೆಯಗಲದ ಹುಲ್ಲನ್ನೂ ಎಡಗೈಯ ಬೆರಳನ್ನೂ ಕೊಯ್ದೆ. ಪಾರ್ಕು ಮುನ್ನೂರು ಚಾಪೆಯಾದರೂ ಇತ್ತು. ನನಗೆ ಬೆರಳು ಒಂಬತ್ತೇ ಉಳಿದಿದ್ದವು.

ಮಂಗಳವಾರ ಕಾಕಾ ನನ್ನನ್ನು ಎಬ್ಬಿಸಿ ಸನತ್‌ನಗರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರಿಗೊಬ್ಬ ಗುಜರಿ ಅಂಗಡಿಯವನ ಪರಿಚಯ. ಅವನ ತೂಕದ ಯಂತ್ರವನ್ನು ರಿಪೇರಿ ಮಾಡಿಕೊಟ್ಟು, ಬದಲಿಗೆ ಗುಡ್ಡೆಯಡಿಯಿಂದ ಒಂದು ಹುಲ್ಲು ಕತ್ತರಿಸುವ ಮಷೀನು ಎಳೆದು ತೆಗೆದರು. ಯಾವುದೋ ಕಂಪನಿಯ ತೋಟದಲ್ಲಿ ದುಡಿದು ಬಿಸಾಕಿಸಿಕೊಂಡ ಪೆಟ್ರೋಲ್ ಮಷೀನು. ಒಂದು ಗಾಲಿ ಇಲ್ಲ, ಹಿಡಿಕೆಗೆ ಸುತ್ತಿದ ತಂತಿ, ಎಂಜಿನ್ನಿನೊಳಗೆ ಇಲಿಯ ಸಂಸಾರ. ಆಟೋದಲ್ಲಿ ತಾರ್ನಾಕದವರೆಗೂ ಅದು ನನ್ನ ತೊಡೆಯ ಮೇಲೆ ಕೂತು ಬಂತು. ಆಟೋದವನು ಕನ್ನಡಿಯಲ್ಲಿ ನೋಡಿ, ಏನಿದು ಸಾಬ್, ಅಂತ ಕೇಳಿದ. ಸಾಫ್ಟ್‌ವೇರ್, ಅಂದೆ.

ಮಷೀನಿನ ಜೊತೆ ಕಾಕಾ ಇರುತ್ತಿದ್ದ ರೀತಿ ನೋಡಬೇಕು. ಬಿಚ್ಚುವ ಮುಂಚೆ ಅದರೆದುರು ಚಕ್ಕಳಮಕ್ಕಳ ಹಾಕಿ ಕೂತು ಚಹಾ ಪೂರ್ತಿ ಕುಡಿಯುವರು. ನೋಡುವರು, ಮುಟ್ಟುವುದಿಲ್ಲ. ಹೆಣ್ಣು ನೋಡಲು ಬಂದವರ ಹಾಗೆ, ಅಂತ ನಾನು ಛೇಡಿಸಿದರೆ, "ಹೌದಲ್ಲ, ಆಮ್ಯಾಲ ಬಾಳ್ವೆ ಮಾಡಬೇಕಲ್ಲ" ಅನ್ನುವರು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಹಳೇ ಇಡ್ಲಿತಟ್ಟೆಯ ಒಂದೊಂದು ಕುಳಿಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಡುವರು. ನಾನು ತಮಾಷೆಗೆ ಎರಡು ಸ್ಕ್ರೂ ಅದಲುಬದಲು ಮಾಡಿದ್ದೆ ಒಂದು ಸಲ. ಅವರು ಕಣ್ಣೆತ್ತದೆಯೇ ಮತ್ತೆ ಸರಿಯಾಗಿಟ್ಟರು. ಆ ಸಂಜೆ ನನ್ನ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಬಂತು.

ಗುರುವಾರ ಹೊತ್ತಿಗೆ ಇಲಿಯ ಸಂಸಾರ ಖಾಲಿಯಾಗಿ, ಪ್ಲಗ್ಗು ಬೆಳಗಿ, ಹಗ್ಗ ಎಳೆದರೆ ಎಂಜಿನ್ನು ಕೆಮ್ಮಿತು. (ಸರಿಯಾದ ಕೆಮ್ಮು.) ಒಂದು ನಿಮಿಷ ಓಡಿತು. ಕಾಕು ಪಡಸಾಲೆಯಿಂದ ಚಪ್ಪಾಳೆ ತಟ್ಟಿದರು. ಆಗ ನನ್ನ ಮೂಗಿಗೆ ಪೆಟ್ರೋಲಿನ ಘಾಟು ಬಡಿಯಿತು. ಬಗ್ಗಿ ನೋಡಿದರೆ ಟಾಕಿಯ, ಅಂದರೆ ಪೆಟ್ರೋಲ್ ಟ್ಯಾಂಕಿನ, ತಳದ ಮೂಲೆಯಲ್ಲಿ ತುಕ್ಕು ತಿಂದು, ಸೂಜಿಯ ಕಣ್ಣಿನಷ್ಟು ತೂತು. ಟಪ್ ಟಪ್ ಅಂತ ತೊಟ್ಟಿಕ್ಕುತ್ತಿತ್ತು. ಅದೂ ಎಂಜಿನ್ನಿನ ಕಾದ ಭಾಗದ ಪಕ್ಕಕ್ಕೆ.

"ಸೋರಾಕತ್ತೈತಿ ಕಾಕಾ" ಅಂದೆ, ಅವರದೇ ಧಾಟಿಯಲ್ಲಿ.

"ನಿನ್ನ ಮೂಗಿಗೆ ಪಗಾರ ಕೊಡಬೇಕು ನೋಡು" ಅಂದರು. ಎಂಜಿನ್ ಆರಿಸಿದರು.

ಶುಕ್ರವಾರ ಬೆಳಿಗ್ಗೆ ಅವರ ಯೋಜನೆ ಕೇಳಿಸಿಕೊಂಡೆ: ಟಾಕಿ ಬಿಚ್ಚುವುದು, ಉಳಿದ ಪೆಟ್ರೋಲು ಸುರಿಯುವುದು, ತೊಳೆಯುವುದು, ಆಮೇಲೆ ಜ್ವಾಲೆ ಉಗುಳುವ ಊದುದೀಪ ಹೊತ್ತಿಸಿ ಬೆಸುಗೆಯ ಕಬ್ಬಿಣ ಕಾಯಿಸಿ ತೂತಿಗೆ ಬೆಸುಗೆ. ನಾನು ರಾತ್ರಿಯಿಡೀ ಕೆವಿನ್ ಆಗಿದ್ದು ಬಂದವನು. ಯೋಜನೆಯ ಕೊನೆಯ ಭಾಗ ಮಾತ್ರ ನನ್ನ ತಲೆಯಲ್ಲಿ ಉಳಿದಿತ್ತು. ಕಾಕಾ ಟಾಕಿ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ, ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಬೆರಳಿನ ಸಂದಿಯಿಂದ ಪೆಟ್ರೋಲು ಮೊಣಕೈವರೆಗೂ ಇಳಿಯುತ್ತಿತ್ತು. ನನ್ನ ಮುಂದಿನ ಹಲಗೆಯ ಮೇಲೆ ಬಟ್ಟೆ ಒಗೆಯುವ ಸೋಪಿನ ಒಂದು ತುಂಡು, ಊದುದೀಪ, ಕಡ್ಡಿಪೆಟ್ಟಿಗೆ.

"ಮೈಸೂರಪ್ಪಾ, ಲಗೂ ಹಚ್ಚು" ಅಂದರು ಕಾಕಾ.

ನಾನು ಕಡ್ಡಿಪೆಟ್ಟಿಗೆ ತೆಗೆದುಕೊಂಡೆ. ಮೊದಲ ಕಡ್ಡಿ ಮುರಿಯಿತು. ಎರಡನೆಯದನ್ನು ತೆಗೆದು ಗೀರಲು ಕೈ ಎತ್ತಿದೆ. ಆಮೇಲೆ ಆದದ್ದು ನನಗೆ ತುಂಡುತುಂಡಾಗಿ ನೆನಪಿದೆ. ಟಾಕಿ ಕೆಳಗೆ ಬಿದ್ದ ಸದ್ದು. ಕಾಕಾರ ಅಂಗೈ. ಆ ವಯಸ್ಸಿನಲ್ಲಿ ಅಷ್ಟು ವೇಗ ಎಲ್ಲಿತ್ತೋ, ಒಂದೇ ಏಟಿಗೆ ಕಡ್ಡಿಪೆಟ್ಟಿಗೆ ಶೆಡ್ಡಿನ ಬಾಗಿಲಾಚೆಯ ಪೇರಲ ಗಿಡದ ಬುಡಕ್ಕೆ, ನಾನು ಗೋಡೆಗೆ. ನೆಲದ ಮೇಲೆಲ್ಲ ಪೆಟ್ರೋಲು. ಅವರ ಪೈಜಾಮದ ಮೇಲೂ.

ಕಾಕಾ ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ನನ್ನನ್ನು ತೋಳು ಹಿಡಿದು ಹೊರಗೆ ಎಳೆದು ತಂದು, ಗಿಡದ ಕೆಳಗೆ ಕೂರಿಸಿ, ತಾವೂ ಕೂತರು. ತಪಕೀರಿನ ಡಬ್ಬಿ ತೆಗೆಯಲು ಮೂರು ಸಲ ಪ್ರಯತ್ನಿಸಿ, ಕೊನೆಗೆ ನನ್ನ ಕೈಗೆ ಕೊಟ್ಟು ತೆಗೆಸಿದರು.

"ಏನು ಹಚ್ಚಾಕ ಹೊಂಟಿದ್ದಿ?"

"ದೀಪ ಹಚ್ಚಕ್ಕೆ. ನೀವೇ ಹಚ್ಚು ಅಂದ್ರಲ್ಲ."

"ಸಾಬಾಣ ಹಚ್ಚಂದೆಪಾ. ತೂತಿಗೆ ಸಾಬಾಣ ತಿಕ್ಕಿದ್ರ ಸೋರೂದು ನಿಲ್ತೈತಿ." ಒಂದು ಚಿಟಿಕೆ ತಪಕೀರು ಏರಿಸಿದರು. "ನಿಮ್ಮ ಮೈಸೂರಾಗ ಹಚ್ಚೂದಂದ್ರ ಬೆಂಕಿ ಒಂದೇ ಏನು?"

ನನಗೆ ಹಚ್ಚು ಅಂದರೆ ಮೊದಲು ಕಾಣುವುದು ಕಡ್ಡಿಪೆಟ್ಟಿಗೆಯೇ. ಅಗರಬತ್ತಿ ಹಚ್ಚು, ದೀಪ ಹಚ್ಚು, ಒಲೆ ಹಚ್ಚು. ನಮ್ಮ ಮನೆಯಲ್ಲಿ ಸೋಪನ್ನು ಹಾಕಿಕೊಳ್ಳುತ್ತೇವೆ. ಕಾಕಾ ಅಲ್ಲೇ ಕೂತು ತಮ್ಮ ಸೀಮೆಯ ಹಚ್ಚುಗಳನ್ನು ಬೆರಳು ಮಡಿಸಿ ಎಣಿಸಿದರು. ಫೋನು ಹಚ್ಚುವುದು, ಫ್ಯಾನು ಹಚ್ಚುವುದು, ಗಿಡ ಹಚ್ಚುವುದು ಅಂದರೆ ನೆಡುವುದು, ಹುಡುಗರನ್ನು ಸಾಲಿಗೆ, ಅಂದರೆ ಶಾಲೆಗೆ ಹಚ್ಚುವುದು, ಕೆಲಸಕ್ಕೆ ಹಚ್ಚುವುದು, ಹಣೆಗೆ ಕುಂಕುಮ ಹಚ್ಚುವುದು, ರೊಟ್ಟಿಗೆ ಬೆಣ್ಣೆ ಹಚ್ಚುವುದು, ಇಬ್ಬರ ನಡುವೆ ಜಗಳ ಹಚ್ಚುವುದು. ಸೋಪು, ದೀಪ ಸೇರಿ ಎರಡೂ ಕೈಯ ಬೆರಳು ಮುಗಿದವು. ಅವರಿಗಿಷ್ಟು ಅರ್ಥಗಳಿರುವಾಗ ನಾನು ಆರಿಸಿಕೊಂಡದ್ದು ಮನೆ ಸುಡುವ ಅರ್ಥವನ್ನು. ಪಡಸಾಲೆಯ ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡ ಕಾಕು, "ಹುಡುಗರನ್ನ ಸಾಲಿಗೆ ಹಚ್ಚಿ ಬಾ ಅಂತ ಇವನ ಕೈಯಾಗ ಕೊಟ್ಟಿದ್ರ ಏನಾಗ್ತಿತ್ತ್ರೀ" ಅಂತ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕಾಕಾ ನಕ್ಕಿದ್ದು ಅವರ ನಗು ಕೇಳಿದ ಮೇಲೆ.

ನನಗೆ ನಗು ಬರಲಿಲ್ಲ. ಒಂದು ವರ್ಷದಿಂದ ಆ ಮನುಷ್ಯನ ಮಾತನ್ನು ಕ್ಯಾಂಟೀನಿನ ತುಂಬ ಹಂಚಿ ಚಪ್ಪಾಳೆ ಗಿಟ್ಟಿಸಿದ್ದೆ. 'ಹಚ್ಚಲೇ' ಅನ್ನುವುದನ್ನು ಅವರಿಗಿಂತ ಚೆನ್ನಾಗಿ ಅನ್ನುತ್ತಿದ್ದೆ. ಅದರ ಅರ್ಥ ಕೇಳುವ ಪುರುಸೊತ್ತು ಮಾತ್ರ ಆಗಿರಲಿಲ್ಲ.

ಸುದ್ದಿ ಹೇಗೋ ಸೆಕ್ರೆಟರಿಗಾರುಗೆ ತಲುಪಿತು. ಸಂಜೆ ಬಂದು, ಗೇಟಿನ ಹೊರಗೇ ನಿಂತು, ಕನ್ನಡಕ ಒರೆಸಿ, ಕಾಲೊನಿಯ ಮನೆಗಳ ನಡುವೆ ಪೆಟ್ರೋಲು ಬೆಂಕಿ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ ಅಂತ ನಯವಾಗಿಯೇ ಹೇಳಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಕಾಕಾ ಹೌದ್ರಿ ಹೌದ್ರಿ ಅಂದರು. ಅವರು ಹೋದ ಮೇಲೆ, ಮನೆಗಳ ನಡುವೆ ತಾನೇ ಬೇಡ ಅಂದದ್ದು, ಅಂತ ಪಾರ್ಕಿನ ನಡುವಿನ ನಲ್ಲಿಯ ಕಡೆಗೆ ನೋಡಿದರು.

ಶನಿವಾರ ಬಯಲಲ್ಲಿ, ನಲ್ಲಿಯ ಕಟ್ಟೆಯ ಮೇಲೆ ನಮ್ಮ ಆಸ್ಪತ್ರೆ. ಟಾಕಿಯನ್ನು ಸೋಪಿನ ನೀರಲ್ಲಿ ಏಳು ಸಲ ತೊಳೆದರು. ಒಂದೊಂದು ಸಲವೂ, "ಮೂಸು." ಏಳನೆಯ ಸಲ ಸೋಪಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಖಾಲಿಯಾಯ್ತಲ್ಲ, ಇನ್ನು ಕಬ್ಬಿಣ ಕಾಯಿಸೋಣ ಅಂದೆ. ಹಚ್ಚೋಣ ಅನ್ನಲಿಲ್ಲ, ಆ ಪದದ ಸುತ್ತ ನಾನಾಗಲೇ ಬೇಲಿ ಹಾಕಿಕೊಂಡಿದ್ದೆ.

ಕಾಕಾ ತಲೆಯಾಡಿಸಿದರು. "ತುಂಬಿದ ಟಾಕಿ ಉರೀತೈತಿ, ಖಾಲಿ ಟಾಕಿ ಸಿಡೀತೈತಿ. ಖಾಲಿ ಇದ್ದದ್ದಕ್ಕ ಭಾಳ ಅಂಜಬೇಕು." ಹೇಳುವಾಗ ನನ್ನ ತಲೆಯನ್ನೇ ನೋಡುತ್ತಿದ್ದರು. ಒಳಗೆ ಪೆಟ್ರೋಲಿಲ್ಲದಿದ್ದರೂ ಅದರ ಆವಿ ಗೋಡೆಗೆ ಹಿಡಿದುಕೊಂಡಿರುತ್ತದಂತೆ. ಮೂಗಿಗೆ ಸಿಗದಷ್ಟು ಇದ್ದರೂ ಬೆಂಕಿಗೆ ಸಿಗುತ್ತದಂತೆ. ಹಾಗಾಗಿ ಟಾಕಿಯ ತುಂಬ ನೀರು ತುಂಬಿಸಿದರು. ಮುಚ್ಚಳ ಬಿಗಿದು, ಮುಚ್ಚಳದ ಗಾಳಿತೂತಿಗೂ ಪೆಟ್ರೋಲಿನ ಕೊಳವೆಗೂ ಸೋಪು ಮೆತ್ತಿಸಿದರು, ನನ್ನ ಕೈಯಿಂದಲೇ. ಟಾಕಿಯನ್ನು ತಲೆಕೆಳಗು ಮಾಡಿದಾಗ ತೂತು ಮೇಲೆ ಬಂತು. ಅದರಡಿಯಲ್ಲಿ ಒಂದು ಚಮಚದಷ್ಟು ಗಾಳಿ, ಉಳಿದದ್ದೆಲ್ಲ ನೀರು. ಊದುದೀಪವನ್ನು ಇಪ್ಪತ್ತು ಹೆಜ್ಜೆ ಆಚೆ ಇಟ್ಟು ಕಬ್ಬಿಣ ಕಾಯಿಸಿದರು. ಕಾದ ಕಬ್ಬಿಣ ಹಿಡಿದು ಅಲ್ಲಿಂದ ಓಡಿ ಬರುವ ಕೆಲಸ ನನಗೆ.

ಮೊದಲ ಪ್ರಯತ್ನಕ್ಕೆ ತೂತು ಮುಚ್ಚುವ ಬದಲು ದೊಡ್ಡದಾಯಿತು. ಸುತ್ತಲಿನ ತಗಡು ತುಕ್ಕಿನಿಂದ ಹಪ್ಪಳವಾಗಿತ್ತು. ಉಜ್ಜಿದಷ್ಟೂ ಉದುರಿ, ಸೂಜಿಯ ಕಣ್ಣು ಹೆಸರುಕಾಳಾಯಿತು. ಕಾಕಾ ಕೂತುಬಿಟ್ಟರು. ಮಧ್ಯಾಹ್ನದ ಬಿಸಿಲು. ಒಂದು ತಾಸು ಟಾಕಿ ನೋಡುತ್ತ ಕೂತರು. ನಾನು ಮೆಲ್ಲನೆ, ಸೆಕ್ರೆಟರಿಗಾರು ಹತ್ತಿರ ಒಂದು ವಾರ ಕೇಳಬಹುದಲ್ಲ, ಕಾಕುವಿನ ಕಾಲಿನ ವಿಷಯ ಹೇಳಿದರೆ ಯಾರೂ ಬೇಡ ಅನ್ನಲ್ಲ, ಅಂದೆ.

"ಹೇಳಿದ್ರ ಕೇಳ್ತಾರ, ಖರೆ. ಪಾಪ ಅಂತಾರ" ಅಂದರು. "ಆಮ್ಯಾಲ ಅಕಿ ಹುಲ್ಲಿನ ಮ್ಯಾಲ ಹೆಜ್ಜಿ ಇಟ್ಟಾಗೆಲ್ಲ ನಲವತ್ತು ಮನಿ ಕಿಟಕಿ ತಗದು ನೋಡ್ತಾರ. ಅಕಿ ಬೀಳಾಕ ನಾಚಿಕೊಂಡ್ಳಂದ್ರ ಮುಗೀತು. ಬೀಳೂದು ಬಿಟ್ರ ನಡಿಯೂದೂ ಬಿಡ್ತಾಳ."

ಅಷ್ಟು ಹೇಳಿ ಎದ್ದು ಮನೆಗೆ ಹೋದರು. ಬರುವಾಗ ಕೈಯಲ್ಲಿ ಚಹಾಪುಡಿ ಡಬ್ಬಿಯ ತಗಡಿನ ಮುಚ್ಚಳ. ಅದರಿಂದ ಎಂಟಾಣೆಯಗಲದ ಬಿಲ್ಲೆ ಕತ್ತರಿಸಿ, ಟಾಕಿಯ ಮೂಲೆಗೆ ಹೊಂದುವಂತೆ ಸುತ್ತಿಗೆಯಿಂದ ಮಡಿಸಿದರು. ಗಟ್ಟಿ ತಗಡು ಸಿಗುವವರೆಗೂ ತುಕ್ಕು ಕೆರೆದು, ಬೆಸುಗೆ ಹಿಡಿಯಲೆಂದು ನವಸಾಗರ ಹಾಕಿ, ಬಿಲ್ಲೆಯ ಸುತ್ತ ಬೆಸುಗೆ ಹರಿಸಿದರು. ನಾನು ಹನ್ನೊಂದು ಸಲ ಕಾದ ಕಬ್ಬಿಣ ಹಿಡಿದು ಓಡಿದೆ. ಬೆಸುಗೆ ಆರಿದ ಮೇಲೆ ನೋಡಿದರೆ ಬಿಲ್ಲೆಯ ಮೇಲೆ ಚಹಾ ಕಂಪನಿಯ ಚಿತ್ರದಲ್ಲಿದ್ದ ಹೆಂಗಸಿನ ಅರ್ಧ ಮುಖ ಉಳಿದಿತ್ತು. ಒಂದು ಕಣ್ಣಿನಿಂದ ನಮ್ಮನ್ನೇ ನೋಡುತ್ತಿದ್ದಳು. ಟಾಕಿಯನ್ನು ನೆಟ್ಟಗೆ ನಿಲ್ಲಿಸಿ, ನೀರು ತುಂಬಿಸಿ, ಕೆಳಗೆ ಒಣ ಪೇಪರು ಹಾಸಿದೆವು. ಸೂರ್ಯ ಮುಳುಗುವವರೆಗೂ ಪೇಪರಿನ ಮೇಲೆ ಒಂದು ಹನಿ ಬೀಳಲಿಲ್ಲ. ಮೈಮೇಲಿನ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದು ಸೋರುತ್ತಿದ್ದವರು ನಾವಿಬ್ಬರು ಮಾತ್ರ.

ಭಾನುವಾರ ಆರೂವರೆಗೆ ಪೆಟ್ರೋಲು ಹಾಕಿ ಹಗ್ಗ ಎಳೆದೆವು. ಇಡೀ ಕಾಲೊನಿ ಎದ್ದಿತು. ಮೂರು ಗಾಲಿಯ ಮಷೀನು ಕುಂಟುತ್ತ ಬಿಳಿ ಹೊಗೆ ಉಗುಳುತ್ತ ಹೊರಟರೆ ಹಿಂದೆ ಕಾಕಾ, ಕಾಕಾರ ಹಿಂದೆ ನಾನು, ನನ್ನ ಹಿಂದೆ ನಾಲ್ಕು ನಾಯಿ. ಹುಲ್ಲು ಎತ್ತರವಾಗಿದ್ದರಿಂದ ಒಂದೇ ಜಾಗಕ್ಕೆ ಎರಡೆರಡು ಸಲ ಹೋಗಬೇಕಿತ್ತು. ಕಲ್ಲು ಸಿಡಿಯಿತು, ಯಾರದೋ ಹಳೇ ಚೆಂಡು ಸೀಳಿತು, ಹಾವು ಸಿಕ್ಕಿತು. ಸೆಕ್ರೆಟರಿಗಾರು ಮನೆಯ ನೀರಿನ ಪೈಪಿನ ತುಂಡು ಅದು. ಹತ್ತಕ್ಕೆ ಜನ ಸೇರುವಾಗ ಮುಕ್ಕಾಲು ಪಾಲು ಮುಗಿದಿತ್ತು. ಉಳಿದ ಕಾಲು ಪಾಲು ಮೂಲೆಯಲ್ಲಿ ಕ್ಷೌರ ಅರ್ಧಕ್ಕೆ ಬಿಟ್ಟ ತಲೆಯ ಹಾಗೆ ನಿಂತಿತ್ತು.

ಸೆಕ್ರೆಟರಿಗಾರು ಕನ್ನಡಕ ತೆಗೆದರು. ಅವರು ಒರೆಸಿ ಮುಗಿಸುವ ಮುಂಚೆ ಕಾಕು, ಬೀದಿಯಲ್ಲಿ ನಿಂತ ಕಾರುಗಳನ್ನು ಹಿಡಿದು ಹಿಡಿದು, ಪಾರ್ಕಿನ ಗೇಟು ದಾಟಿ ಬಂದರು. ಯಾರೂ ಕರೆದಿರಲಿಲ್ಲ. ಗೇಟಿನ ಕಂಬ ಬಿಟ್ಟು, ಕತ್ತರಿಸಿದ ಹುಲ್ಲಿನ ಮೇಲೆ ಬರಿಗಾಲಿಟ್ಟು, ಎಡಗಾಲನ್ನು ಎಳೆದು ಎಳೆದು ಹದಿನೈದು ಹೆಜ್ಜೆ ನಡೆದು, ಸಭೆಯ ಸರಿಯಾಗಿ ಮಧ್ಯಕ್ಕೆ ಬಂದು ದೊಪ್ಪನೆ ಬಿದ್ದರು.

ಹತ್ತು ಜನ ಓಡಿದರು. "ಮುಟ್ಟಬ್ಯಾಡ್ರಿ" ಅಂದರು ಕಾಕಾ. ಕನ್ನಡದಲ್ಲಿ. ಎಲ್ಲರಿಗೂ ಅರ್ಥವಾಯಿತು. ಕಾಕು ಹುಲ್ಲಿನಲ್ಲಿ ಕೂತು, ಕೂದಲಿಗೆ ಅಂಟಿದ ಗರಿಕೆ ತೆಗೆದು, ಸುತ್ತ ನಿಂತವರನ್ನೆಲ್ಲ ಒಂದು ಸುತ್ತು ನೋಡಿ ನಗತೊಡಗಿದರು. ನಾಚಿಕೆಯ ನಗೆಯಲ್ಲ, ನಾನ್ಯಾರನ್ನಾದರೂ ನಕಲು ಮಾಡಿದಾಗ ನಗುತ್ತಿದ್ದ ನಗೆ. ಆಮೇಲೆ ಮೊಣಕಾಲೂರಿ, ಕೈಯೂರಿ, ತಾವೇ ಎದ್ದರು. ಬಹಳ ಹೊತ್ತು ಹಿಡಿಯಿತು. ಸೆಕ್ರೆಟರಿಗಾರು ಕನ್ನಡಕ ಹಾಕಿಕೊಂಡರು. ಟೈಲ್ಸಿನ ವಿಷಯ ಬರುವ ವರ್ಷ ನೋಡೋಣ ಅಂದರು.

ಬರುವ ವರ್ಷ ಬಂತು. ಕಾಲೊನಿಯಲ್ಲಿ ಕಾರುಗಳೂ ದುಪ್ಪಟ್ಟಾಗಿದ್ದವು. ಈ ಸಲ ಕೈಯೆತ್ತಿದವರು ಹೆಚ್ಚಿದ್ದರು. ಪಾರ್ಕಿಗೆ ಟೈಲ್ಸು ಬಿತ್ತು. ಕಾಕಾ ಜಗಳಕ್ಕೆ ಹೋಗಲಿಲ್ಲ. ಅಷ್ಟು ದಿನ ವಾರಕ್ಕೊಮ್ಮೆ ಆ ಕುಂಟ ಮಷೀನು ಓಡಿಸಿ ಹುಲ್ಲನ್ನು ಹಾಸಿಗೆ ಮಾಡಿಟ್ಟಿದ್ದರು, ಕಾಕು ಅದರ ಮೇಲೆ ಮನಸಾರೆ ಬಿದ್ದಿದ್ದರು. ಟೈಲ್ಸು ಬೀಳುವ ಹೊತ್ತಿಗೆ ಬೀಳುವುದು ಬಹುತೇಕ ನಿಂತಿತ್ತು.

ನಾನು ಕೆಲಸ ಬದಲಿಸಿ ಕೋಣೆ ಖಾಲಿ ಮಾಡುವ ವಾರ. ಏಪ್ರಿಲ್ ತಿಂಗಳು, ಸಂಜೆ ನಾಲ್ಕೂವರೆ. ತಾರಸಿಯಿಂದ ನೋಡುತ್ತಿದ್ದೆ. ಕಾಕು ಹೊಸ ಟೈಲ್ಸಿನ ಮೇಲೆ, ಎರಡು ಸಾಲು ಕಾರುಗಳ ನಡುವೆ, ಚಪ್ಪಲಿ ಮೆಟ್ಟಿಕೊಂಡು ಒಬ್ಬರೇ ನಡೆಯುತ್ತಿದ್ದರು. ಐದು ಹೆಜ್ಜೆ ಹಿಂದೆ ಕಾಕಾ. ಕಾಕು ತಟ್ಟನೆ ನಿಂತು, ತಿರುಗದೆ ಬೈದದ್ದು ಮೇಲಿನವರೆಗೂ ಕೇಳಿಸಿತು. "ಹಿಂದ ಬರಬ್ಯಾಡ್ರಿ ಅಂದ್ನಿಲ್ಲೋ? ನಿಮ್ಮ ಚಪ್ಪಲಿ ಸಪ್ಪಳ ಕೇಳಿದ್ರ ನನಗ ಬೀಳ್ತೀನಿ ಅನಸ್ತೈತಿ."

ಕಾಕಾ ನಿಂತರು. ಕಾಕು ಮುಂದೆ ಹೊರಟರು. ಕಾಕಾ ಬಗ್ಗಿ ಎರಡೂ ಚಪ್ಪಲಿ ಕಳಚಿ ಕಂಕುಳಲ್ಲಿಟ್ಟುಕೊಂಡು ಮತ್ತೆ ಹಿಂದೆ ಹೊರಟರು. ಟೈಲ್ಸು ಕಾದ ಹೆಂಚಾಗಿತ್ತು. ಒಂದು ಕಾಲು ಊರಿ, ಇನ್ನೊಂದನ್ನು ಎತ್ತಿ, ತುಟಿ ಕಚ್ಚಿ, ಸದ್ದಿಲ್ಲದೆ, ಕೊಕ್ಕರೆಯ ಹಾಗೆ ಕುಣಿದುಕೊಂಡು ಹೋಗುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅವರು ತಲೆಯೆತ್ತಿ ನೋಡಿದರು. ಕಾಕು ತಿರುಗುವ ಮುಂಚೆ ಬೆರಳನ್ನು ತುಟಿಯ ಮೇಲಿಟ್ಟು, ಸುಮ್ಮನಿರು ಅಂತ ಸನ್ನೆ ಮಾಡಿದರು.

ಇದೊಂದನ್ನು ನಾನು ಕ್ಯಾಂಟೀನಿನಲ್ಲಿ ಮಾಡಿ ತೋರಿಸಲಿಲ್ಲ. ಕಾಕುಗೂ ಹೇಳಿರಲಿಲ್ಲ, ಮೊನ್ನೆ ಅವರ ಫೋನು ಬರುವವರೆಗೆ.